ಶನಿವಾರ ಗ್ರೈಂಡರ್ ಹಿಡಿಸುವ ಮುಂಚೆ

ಸಕಲೇಶಪುರ

ಚಿ. ಸುಮಾಳಿಗೆ ಆಶೀರ್ವಾದಗಳು.

ಅಟ್ಟದಲ್ಲಿದ್ದ ಹಳೆಯ ಕತ್ತಿಯನ್ನು ಉಜ್ಜುತ್ತಿದ್ದೇನೆ ಅಂತ ನೀನು ಬರೆದ ಪತ್ರ ಬಂತು. ಕತ್ತಿ ಯಾರದು, ಅಟ್ಟ ಯಾಕೆ ಸೇರಿತು ಅನ್ನುವುದೆಲ್ಲ ನಿನಗೂ ಗೊತ್ತು, ಅದು ಬೇಡ. ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಎಷ್ಟು ಉಜ್ಜಿದರೂ ಕಪ್ಪು ಹೋಗುತ್ತಿಲ್ಲ, ಒಳಗೇ ತಿಂದುಹೋಗಿದೆಯೋ ಏನೋ, ಶನಿವಾರ ಅಂಗಡಿಯಲ್ಲಿ ಗ್ರೈಂಡರ್ ಚಕ್ರ ಹಿಡಿಸಿಬಿಡುತ್ತೇನೆ' ಅಂತ. ಅದನ್ನು ಓದಿದ ಮೇಲೆ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ.

ಕಪ್ಪು ಬೇರೆ, ತುಕ್ಕು ಬೇರೆ ಕಣೇ. ಕೆರೆದಾಗ ಕೆಂಪು ಪುಡಿ ಉದುರಿದರೆ ತುಕ್ಕು. ಅದು ತೇವ ಹಿಡಿದಿಟ್ಟುಕೊಂಡು ಒಳಗೆ ತಿನ್ನುತ್ತಲೇ ಇರುತ್ತದೆ. ನುಣ್ಣಗೆ, ಬೂದುಗಪ್ಪಾಗಿ, ಉಗುರಿಗೆ ಏಳದೆ ಕೂತದ್ದು ವರ್ಷಗಟ್ಟಲೆ ಕೈಯಾಡಿ ಬಂದ ಪದರ. ಅದಿದ್ದರೆ ಕೆಂಪು ತುಕ್ಕು ಹತ್ತುವುದು ನಿಧಾನ. ಕಿತ್ತುಹಾಕಿದರೆ ನಮ್ಮ ಮಳೆಗಾಲದಲ್ಲಿ ಬರಿ ಉಕ್ಕು ಬೆಳಗಾಗುವುದರೊಳಗೆ ಕೆಂಪಾದೀತು. ನೀನು ಬರೆದಿರುವುದನ್ನು ನೋಡಿದರೆ ನಿನ್ನದು ಈ ಕಪ್ಪೇ.

ಇನ್ನು ಗ್ರೈಂಡರ್. ಕತ್ತಿಯ ಬಾಯಿ, ಅಂದರೆ ಕಡಿಯುವ ಅಂಚು, ಕಾಗದದಷ್ಟು ತೆಳು, ಬಿಸಿ ಹೋಗಲು ಜಾಗವಿಲ್ಲ. ಒಣ ಚಕ್ರ ಕೆಲವೇ ಸೆಕೆಂಡು ತಾಗಿದರೂ ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಅಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್. ನೀಲಿ ಬಂದರೆ 300ರ ಹತ್ತಿರ. ಅಲ್ಲಿಗೆ ಆ ಜಾಗದ ಹದ, ಅಂದರೆ ಕುಲುಮೆಯಲ್ಲಿ ಕೊಟ್ಟ ಗಡಸುತನ, ಇಳಿಯಿತು. ನೀಲಿಯನ್ನು ಉಜ್ಜಿ ತೆಗೆಯಬಹುದು, ಮೆತ್ತಗಾದ ಉಕ್ಕನ್ನು ಗಟ್ಟಿ ಮಾಡಲು ಮತ್ತೆ ಕುಲುಮೆಗೇ ಹಾಕಬೇಕು. ಇನ್ನೊಂದು ಭಯ, ಹಳೆಯ ಕತ್ತಿಗಳಲ್ಲಿ ಬೆನ್ನು ಮೆತ್ತನೆಯ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ ಬೆಸೆದಿರುವುದುಂಟು. ಚಕ್ರ ಆ ಪಟ್ಟಿಯನ್ನೇ ತಿಂದುಹಾಕಿದರೆ ಉಳಿಯುವುದು ಹೊಳೆಯುವ ಕಬ್ಬಿಣ ಅಷ್ಟೆ. ಬಾಳೆದಿಂಡೂ ಸರಿಯಾಗಿ ಕಡಿಯದು.

ಹಿಂದೆ ಮರಗಸಿಗೆ, ಅಂದರೆ ತೋಟದ ನೆರಳುಮರಗಳ ಕೊಂಬೆ ಕಡಿಯುವ ಕೆಲಸಕ್ಕೆ, ಮುಂಚೆ ಕತ್ತಿಗಳನ್ನೆಲ್ಲ ಕುಲುಮೆಗೆ ಕೊಟ್ಟು ಬಡಿಸಿ ತರುತ್ತಿದ್ದೆವು. ಕುಲುಮೆಯ ಆಚಾರ್ರು ಕಾದ ಬಣ್ಣ ನೋಡಿಯೇ ಹದ ಹೇಳುತ್ತಿದ್ದರು. ಅವರಿದ್ದಾಗ ಪಕ್ಕ ಕೂತು ಕೇಳಿಕೊಳ್ಳಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಇರಲಿ.

ಎಲ್ಲಾದರೂ ಕೆಂಪು ಇದ್ದರೆ ಅಲ್ಲಿ ಸೀಮೆಎಣ್ಣೆ ಸವರಿ ರಾತ್ರಿಯಿಡೀ ಬಿಡು. ಬೆಳಿಗ್ಗೆ ನಾಲ್ಕು ಸೊನ್ನೆಯ (0000, ತೀರಾ ನಯವಾದ) ಸ್ಟೀಲ್ ವುಲ್‌ನಿಂದ ಒಂದೇ ದಿಕ್ಕಿಗೆ, ಬೆನ್ನಿನಿಂದ ಬಾಯಿಯ ಕಡೆಗೆ ಉಜ್ಜು; ಬಾಯಿಗೆ ಎದುರಾಗಿ ಕೈ ಆಡಿಸಬೇಡ. ವಿನಿಗರ್‌ನಲ್ಲಿ ಮುಳುಗಿಸಿಡು ಅಂತ ಯಾರಾದರೂ ಹೇಳಿಯಾರು. ಅದು ತುಕ್ಕಿನ ಜೊತೆ ಆ ಕಪ್ಪನ್ನೂ ಎಬ್ಬಿಸುತ್ತದೆ, ಹೆಚ್ಚು ಹೊತ್ತಾದರೆ ಉಕ್ಕನ್ನೂ ತಿನ್ನುತ್ತದೆ.

ಹಿಡಿ ಅಲ್ಲಾಡುತ್ತಿದೆ ಅಂದೆ. ಒಳಗೆ ಹಿಡಿದಿಟ್ಟಿದ್ದ ಹಳೆಯ ಅರಗು ಪುಡಿಯಾಗಿರಬೇಕು. ಅರಗಿನ ಪುಡಿಗೆ ಅರ್ಧದಷ್ಟು ನಯವಾದ ಇಟ್ಟಿಗೆ ಪುಡಿ ಬೆರೆಸಿ ಹಿಡಿಯ ತೂತಿಗೆ ತುಂಬಿ, ಕತ್ತಿಯ ಬಾಲ (ಹಿಡಿಯೊಳಗೆ ಹೋಗುವ ತುದಿ) ಕಾಯಿಸಿ ಒತ್ತಿ ಕೂರಿಸಬೇಕು. ಆಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಲೇಬೇಕು, ಇಲ್ಲದಿದ್ದರೆ ಬಿಸಿ ಬಾಯಿಗೆ ಏರುತ್ತದೆ. ನೋಡು, ಮತ್ತೆ ಅದೇ ಹದದ ಮಾತಿಗೆ ಬಂದೆ. ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು, ಹರಡಿ ಒಣಗಿಸು. ಅಲಗಿಗೆ ಮಾತ್ರ ಅಗಸೆ ಎಣ್ಣೆ ಬೇಡ, ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸಾಕು. ಚರ್ಮದ ಒರೆಯಲ್ಲಿಟ್ಟು ಮರೆಯಬೇಡ, ಚರ್ಮ ತೇವ ಎಳೆಯುತ್ತದೆ.

ಇಷ್ಟೆಲ್ಲ ಹೇಳುವುದು ಅತಿಯಾಯಿತೇನೋ. ಹರಿತವೇ ಬೇಕಿದ್ದರೆ ಮನೆಯಲ್ಲೇ ಮಸೆಕಲ್ಲಿನ ಮೇಲೆ ನೀರು ಹಾಕಿ, ಒಂದೊಂದು ಮಗ್ಗುಲಿಗೆ 20ರಿಂದ 25 ಡಿಗ್ರಿ ಓರೆ ಹಿಡಿದು ಮಸೆ. ಅಂಗಡಿಗೇ ಹೋಗಬೇಕೆಂದರೆ ನೀರು ಹನಿಸಿ ನಿಧಾನ ತಿರುಗಿಸುವ ಸಾಣೆ ಇದೆಯಾ ಅಂತ ಕೇಳು; ಕಿಡಿ ಹಾರಿಸುವ ಒಣ ಚಕ್ರ ಕಂಡರೆ ಕತ್ತಿ ಕೈಗೆ ಕೊಡದೆ ವಾಪಸ್ ಬಾ.

ಮೊದಲು ಬಿಸಿಲಿಗೆ ಹಿಡಿದು, ಬಾಯಿಯ ಅಂಚಿನಲ್ಲಿ ಎಲ್ಲಾದರೂ ಈಗಾಗಲೇ ನೀಲಿ ಗೆರೆ ಇದೆಯಾ ನೋಡಿ ಶುಕ್ರವಾರದೊಳಗೆ ಫೋನ್ ಮಾಡು.

ಇಂತಿ,
ನಿನ್ನ ಚಿಕ್ಕಪ್ಪ