ಪಟೇಲನಿಗೊಂದು ಪತ್ರ: ಅಕ್ಕನ ಸಹಿ ಬೇಕಂತೆ!

ಲೋ ಪಟೇಲ,

ತೀರಿಹೋದ ಅಪ್ಪನ ಜಮೀನಿನ ಖಾತೆಗೆ ಅಂತ ನೀನು ಕೇಳಿದ, ಅಕ್ಕ ತನ್ನ ಪಾಲು ಬಿಟ್ಟುಕೊಡೋ ಹಕ್ಕು ಬಿಡುಗಡೆ ಪತ್ರದ ನಮೂನೆ ಇದರ ಜೊತೆ ಇಲ್ಲ, ಹುಡುಕಬೇಡ. "ಪೌತಿ ಖಾತೆಗೆ (ಸತ್ತವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ) ಅಕ್ಕನ ಬಿಡುಗಡೆ ಬೇಕೇ ಬೇಕು" ಅಂತ ನಿನಗೆ ಹೇಳಿದವರಿಗೆ ಒಂದು ಪ್ರಶಸ್ತಿ ಕೊಡೋಣ. ಪೌತಿಗೆ ಬೇಕಾದ್ದು ಅರ್ಜಿ, ಮರಣ ಪ್ರಮಾಣ ಪತ್ರ, ವಂಶವೃಕ್ಷ. ವಂಶವೃಕ್ಷದಲ್ಲಿ ಅಮ್ಮ, ಅಕ್ಕ, ನೀನು ಮೂವರೂ ಇದ್ದರೆ ಪಹಣಿಯ 9ನೇ ಕಾಲಂನಲ್ಲಿ ಮೂವರ ಹೆಸರೂ ಜಂಟಿಯಾಗಿ ಕೂರುತ್ತೆ. ಬಿಡುಗಡೆ ಬೇಕಾಗೋದು ಒಬ್ಬನ ಹೆಸರಿಗೇ ಆಗಬೇಕು ಅಂದಾಗ.

"ಅವಳ ಮದುವೆ 1991ರಲ್ಲೇ ಆಯ್ತಲ್ಲ" ಅಂದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ನಮ್ಮ ರಾಜ್ಯದ ತಿದ್ದುಪಡಿ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು, ನಿಜ. 2005ರ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು. "ಅಪ್ಪ 2003ರಲ್ಲೇ ಹೋದ್ರು" ಅನ್ನೋದಕ್ಕೂ 2020ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ಹಕ್ಕು ಹುಟ್ಟಿನಿಂದ ಬರುತ್ತೆ, ಅಪ್ಪ 2005ರಲ್ಲಿ ಬದುಕಿರಬೇಕಿಲ್ಲ. 20-12-2004ಕ್ಕೆ ಮೊದಲೇ ನೋಂದಣಿಯಾದ ಆಸ್ತಿ ವಿಭಾಗವೋ ಕೋರ್ಟಿನ ವಿಭಾಗದ ಡಿಕ್ರಿಯೋ ಇದ್ದರೆ ಮಾತು ಬೇರೆ. ನಿಮ್ಮಲ್ಲಿ ಅದಿಲ್ಲ. ಇದು ಪಿತ್ರಾರ್ಜಿತದ ಲೆಕ್ಕ. ಅಪ್ಪ ತಾವೇ ಕೊಂಡ ಜಮೀನಾಗಿ, ವಿಲ್ ಇಲ್ಲದಿದ್ದರೆ ಮೂರು ಸಮಪಾಲು.

ನಿನ್ನ ಅಸಲಿ ತಕರಾರು ಬ್ಯಾಂಕ್ ಸಾಲದ್ದು. ಜಂಟಿ ಖಾತೆಯಾದರೆ ಬ್ಯಾಂಕಿನವರು ಎಲ್ಲರ ಸಹಿ ಕೇಳ್ತಾರೆ, ಒಪ್ಪಿದೆ. ಹಾಗಿದ್ದರೆ ವಿಭಾಗ ಪತ್ರ ಮಾಡಿಸು: 11ಇ ನಕ್ಷೆಗೆ (ಯಾರ ಪಾಲು ಎಲ್ಲಿ ಅಂತ ಗುರುತಿಸೋ ಸರ್ವೆ ನಕ್ಷೆ) ಅರ್ಜಿ, ಸರ್ವೆಯರ್ ಅಳತೆ, ನೋಂದಣಿ, ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ). ಎಡವಟ್ಟು ಆಗೋದೂ ಅಲ್ಲೇ. ಎಕರೆ-ಗುಂಟೆ ಸರಿಯಾಗೇ ಇರುತ್ತೆ. ಆದರೆ ಹೆಣ್ಣುಮಗಳಿಗೆ ಹಳ್ಳದ ಕಡೆಯ ತುಂಡು, ಅದಕ್ಕೆ ದಾರಿಯಿಲ್ಲ, ಬೋರ್‌ವೆಲ್ ತಮ್ಮನ ಪಾಲಲ್ಲಿ. ಎರಡು ಬೆಳೆ ಕಳೆಯೋದರೊಳಗೆ ಅವಳೇ ಬಂದು "ನೀನೇ ತಗೊಳ್ಳೋ" ಅಂತಾಳೆ, ಅವನು ಹೇಳಿದ ರೇಟಿಗೆ. ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಬರೆಸುವಾಗಲೇ ದಾರಿ ಎಷ್ಟು ಅಡಿ, ಎಲ್ಲಿಂದ ಎಲ್ಲಿಗೆ, ನೀರು ಯಾರಿಗೆ ಯಾವ ದಿನ, ಮೋಟಾರ್ ಸುಟ್ಟರೆ ಖರ್ಚು ಯಾರದು, ಎಲ್ಲ ಸೇರಿಸಿಬಿಡು.

ಬಿಡುಗಡೆ ಪತ್ರದಲ್ಲಿ "ಅರಿಶಿನ ಕುಂಕುಮದ ಬಾಬ್ತು" ಅಂತ ಒಂದು ಮೊತ್ತ, ಕೆಳಗೆ "ಯಾರ ಒತ್ತಾಯವೂ ಇಲ್ಲದೆ" ಅಂತ ಒಂದು ಸಾಲು ಇರುತ್ತೆ. ಆ ಸಾಲು ಪೂರ್ತಿ ಸುಳ್ಳೂ ಅಲ್ಲ, ನನ್ನ ಸಂಕಟ ಅದೇ. ಯಾರೂ ಕೈ ಹಿಡಿದು ಬರೆಸಲ್ಲ. ಸಹಿ ಹಾಕದಿದ್ದರೆ ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ಬರಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುತ್ತೆ, ಅಷ್ಟೇ. ಇಷ್ಟೆಲ್ಲ ಕಾನೂನು ಬಲ್ಲ ನನ್ನ ಮುಂದೆ ನಮ್ಮಣ್ಣ ಅದೇ ಕಾಗದ ಇಟ್ಟರೆ? ಹಾಕಿಬಿಡ್ತೀನಿ ಕಣೋ. ಓದದೇ ಹಾಕ್ತೀನಿ.

ಇದನ್ನ ಎಲ್ಲರೆದುರು ಬರೀಬಾರದಿತ್ತು. ಅಣ್ಣ ಫೇಸ್‌ಬುಕ್ಕಲ್ಲಿಲ್ಲ, ಅತ್ತಿಗೆ ಇದ್ದಾರೆ. ಅತ್ತಿಗೆ, ನಮಸ್ಕಾರ, ಮೇಲಿನದ್ದು ಕೇವಲ ಕಾಲ್ಪನಿಕ.

ಪಟೇಲ, ವಂಶವೃಕ್ಷದ ಕರಡು ಕಳಿಸು. ಅದರಲ್ಲಿ ಅಕ್ಕ ಇಲ್ಲದಿದ್ದರೆ ಆ ಮೂರನೇ ಬೆಂಚಿನ ಫೋಟೋ ನಾಳೆ ಇಲ್ಲೇ ಹಾಕ್ತೀನಿ.