ಮುಳುಗುವ ಮನೆಗೂ ಸುಣ್ಣ

ನವನಗರ, ಬಾಗಲಕೋಟೆ

ಚಿರಂಜೀವಿ ತಮ್ಮಾ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಿಮ್ಮವ್ವ ಆರಾಮ ಇದ್ದಾಳೆ. ನಿಮ್ಮಪ್ಪನ ವಿಷಯ ಮುಂದೆ ಬರೆಯುತ್ತೇನೆ, ಗಾಬರಿ ಬೇಡ, ಸುಧಾರಿಸುತ್ತಿದ್ದಾನೆ.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಅಂದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. "ಕಷ್ಟ ಬಂದರೆ ಮನುಷ್ಯ ಗಟ್ಟಿ ಆಗ್ತಾನೆ ಅಂತಾರೆ ದೊಡ್ಡಪ್ಪ. ನಾನು ದಿನಾ ಮೆತ್ತಗಾಗ್ತಾ ಇದ್ದೀನಿ" ಅಂದೆ. ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಅದೇ ಹೊತ್ತಿಗೆ ಪಿಎಸ್‌ಐ ಲಿಸ್ಟ್‌ನಲ್ಲಿ ನಿನ್ನ ಹೆಸರು ಬರಲಿಲ್ಲ. ಓದಲು ಕೂತರೆ ಪುಸ್ತಕ ತೆರೆದೇ ಇರುತ್ತದೆ, ಕೈಯಲ್ಲಿ ಫೋನ್ ಇರುತ್ತದೆ ಅಂದೆ. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದು ಒಳ್ಳೆಯದಾಯಿತು. ಉತ್ತರ ಫೋನಿನಲ್ಲಿ ಆಗುವಂಥದ್ದಲ್ಲ, ಅದಕ್ಕೇ ಕಾಗದ.

ಕಷ್ಟ ತಾನಾಗಿ ಯಾರನ್ನೂ ಗಟ್ಟಿ ಮಾಡುವುದಿಲ್ಲ ತಮ್ಮಾ. ಇದನ್ನು ನಾನು ಒಂದು ಊರೇ ಮುಳುಗಿದ್ದನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದು 1964ರಲ್ಲಿ. ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳಿಗೆ ಬರುವ ಹೊತ್ತಿಗೆ ಮೂವತ್ತು ವರ್ಷ ದಾಟಿತ್ತು. ಅಷ್ಟೂ ವರ್ಷ ಊರು ಕಾಯುತ್ತಾ ಕೂತಿತ್ತು. ಜನರನ್ನು ನೀರಿಗಿಂತ ಈ ಕಾಯುವುದೇ ಜಾಸ್ತಿ ತಿಂದಿತು ಅಂತ ನನಗನ್ನಿಸುತ್ತದೆ. ಗೋಡೆ ಬಿರುಕು ಬಿಟ್ಟರೆ "ಹೇಗೂ ಮುಳುಗೋ ಮನೆ" ಅನ್ನುತ್ತಿದ್ದರು. ಮಾಳಿಗೆ ಸೋರಿದರೂ ಅದೇ ಮಾತು. ಆಮೇಲೆ ಆ ಮಾತು ಅಂಗಡಿಗೆ ಬಂತು, ಮಕ್ಕಳ ಓದಿಗೆ ಬಂತು, ಹೊತ್ತಿಗೆ ಸರಿಯಾಗಿ ಏಳುವುದಕ್ಕೂ ಬಂತು.

ನಿಮ್ಮ ಮುತ್ಯಾ, ಅಂದರೆ ನನ್ನ ಅಪ್ಪ, ಪ್ರತಿ ವರ್ಷ ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಳಿಯುತ್ತಿದ್ದರು. ಸರ್ವೆಯವರು ಬಂದು ಗೋಡೆಗೆ ನಂಬರ್ ಬರೆದು ಹೋದ ವರ್ಷವೂ ಬಿಡಲಿಲ್ಲ. ನಂಬರ್ ಬರೆದಷ್ಟು ಜಾಗ ಬಿಟ್ಟು ಉಳಿದ ಗೋಡೆಗೆಲ್ಲ ಸುಣ್ಣ ಆಯಿತು. ಪಕ್ಕದ ಮನೆಯವರು ಕೇಳಿದರೆ, "ಈ ವರ್ಷ ನಾವು ಇದರಾಗೇ ಇರ್ತೀವಲ್ಲ" ಅಂದರು.

ಪರಿಹಾರದ ದುಡ್ಡು ಬಂದ ಮೇಲೆ ಇನ್ನೊಂದು ಪರೀಕ್ಷೆ. ಅಷ್ಟು ದುಡ್ಡನ್ನು ಒಟ್ಟಿಗೆ ನೋಡದವರ ಕೈಗೆ ಒಮ್ಮೆಲೇ ಗಂಟು ಬಂತು. ಕೆಲವರು ಮೋಟಾರ್ ಸೈಕಲ್ ತಂದರು, ಕೆಲವರು ಇಸ್ಪೀಟಿಗೆ ಕೂತರು, ಕೆಲವರ ಮನೆಗೆ ಕುಡಿತ ಬಂತು. ಅವರನ್ನು ನಾನು ಬೈಯಲಾರೆ. ಮನೆ ಹೋದ ದುಃಖ ಎಲ್ಲಾದರೂ ಹೊರಗೆ ಬರಲೇಬೇಕಲ್ಲ. ಆದರೆ ಒಂದೇ ಓಣಿ, ಒಂದೇ ನೀರು, ಹೆಚ್ಚುಕಡಿಮೆ ಅಷ್ಟೇ ದುಡ್ಡು. ಕೆಲವರ ಬದುಕು ನಿಂತಿತು, ಕೆಲವರದು ಕುಸಿಯಿತು. ಗಟ್ಟಿ ಮಾಡುವ ಗುಣ ಕಷ್ಟಕ್ಕೇ ಇದ್ದಿದ್ದರೆ ಎಲ್ಲರೂ ಗಟ್ಟಿ ಆಗಬೇಕಿತ್ತು, ಅಲ್ವಾ?

ಮುತ್ಯಾ ಚೆಕ್ ಬಂದ ದಿನವೇ ನನ್ನನ್ನು ಕರೆದುಕೊಂಡು ಬ್ಯಾಂಕಿಗೆ ಹೋದರು. ಮನೆ ಕಟ್ಟಲು ಬೇಕಾದಷ್ಟು ಬಿಟ್ಟು ಉಳಿದಿದ್ದನ್ನು ಠೇವಣಿ ಇಟ್ಟರು. ಅವಧಿ ಮುಗಿಯುವ ತನಕ ಮುಟ್ಟಬಾರದು ಅಂತ ಪಾಸ್‌ಬುಕ್ಕನ್ನು ನಿಮ್ಮ ಆಯಿಯ ಟ್ರಂಕಿನಲ್ಲಿ ಹಾಕಿ ಬೀಗ ಹಾಕಿಸಿದರು. ಅವರು ತಮ್ಮ ಮನಸ್ಸಿನ ಜೊತೆ ದಿನಾ ಕುಸ್ತಿ ಆಡಲಿಲ್ಲ. ಮನಸ್ಸು ಸರಿಯಿದ್ದ ದಿನ ಒಂದು ಬಾಗಿಲು ಮುಚ್ಚಿದರು. ಮನಸ್ಸು ಕೆಟ್ಟ ದಿನ ಆ ಬಾಗಿಲು ಮುಚ್ಚಿಯೇ ಇತ್ತು. ಶಿಸ್ತು ಅಂದರೆ ನನಗೆ ಗೊತ್ತಿರುವುದು ಇಷ್ಟೇ. ನಿನ್ನ ಫೋನಿಗೂ ಇದೇ ಮಾಡು. ಓದುವಾಗ ಅದು ಕೋಣೆಯಲ್ಲೇ ಇರಬಾರದು. ಮನೆ ಮಾಲೀಕರ ಹತ್ತಿರವೋ ಕೆಳಗಿನ ಅಂಗಡಿಯವರ ಹತ್ತಿರವೋ ಕೊಟ್ಟು ಬಾ. ಅಪ್ಪನ ಸುದ್ದಿ ಇದ್ದರೆ ಅವರಿಗೇ ಫೋನ್ ಮಾಡುತ್ತೇನೆ, ನಂಬರ್ ಕಳಿಸು.

ಮುಳುಗಡೆಯವರಿಗಾಗಿ ಕಟ್ಟಿದ ಈ ನವನಗರಕ್ಕೆ ಬಂದ ಮೇಲೆ ಮುತ್ಯಾನ ಹೊಲಿಗೆ ಅಂಗಡಿಗೆ ಗಿರಾಕಿ ಇರಲಿಲ್ಲ. ಹಳೇ ಊರಲ್ಲಿ ಅಕ್ಕಪಕ್ಕ ಇದ್ದವರು ಬೇರೆ ಬೇರೆ ಸೆಕ್ಟರಿಗೆ ಹಂಚಿ ಹೋಗಿದ್ದರು. ಆದರೂ ಮುಂಜಾನೆ ಎಂಟಕ್ಕೆ ಬಾಗಿಲು ತೆರೆಯುತ್ತಿದ್ದರು. ಬಟ್ಟೆ ಇಲ್ಲದ ದಿನ ಹಳೇ ಚೂರುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದರು. ನೀನು ವಿಜಯಪುರಕ್ಕೆ ಒಯ್ದಿರುವ ಕೌದಿ ಆ ದಿನಗಳದ್ದೇ. ಅವರನ್ನು ಎಲ್ಲರೂ ಕಲ್ಲಿನಂಥ ಮನುಷ್ಯ ಅನ್ನುತ್ತಿದ್ದರು. ಹಳೇ ಮನೆಯ ತೊಲೆ ಇಳಿಸುವಾಗ ಅವರು ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ನಾನು ನೋಡಿದ್ದೇನೆ. ಅಳು ಬಂದರೆ ಅಳು. ಅತ್ತ ಮಾತ್ರಕ್ಕೆ ನೀನು ಮೆತ್ತಗಾದೆ ಅಂತ ಲೆಕ್ಕ ಹಾಕಬೇಡ.

ಈಗ ನಿಮ್ಮಪ್ಪನ ಸಂಗತಿ. ದಿನವೆಲ್ಲಾ ಕತ್ತರಿ ಹಿಡಿದ ಕೈ ಅದು. ಈಗ ಒಂದು ಗುಂಡಿ ಎತ್ತಲೂ ಬೆವರುತ್ತದೆ. ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದ್ದನ್ನು ನಿನಗೆ ತಿಳಿಸುತ್ತೇನೆ. ಲಕ್ವಾದಲ್ಲಿ ಕೆಟ್ಟಿರುವುದು ಕೈ ಅಲ್ಲ, ಕೈಗೆ ಅಪ್ಪಣೆ ಕೊಡುವ ಮೆದುಳಿನ ಭಾಗ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿದರೆ ಮೆದುಳಿನ ಉಳಿದ ಭಾಗ ನಿಧಾನಕ್ಕೆ ಆ ಕೆಲಸ ಕಲಿಯುತ್ತದೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಜಾಸ್ತಿ, ಆಮೇಲೆ ನಿಧಾನ, ಆದರೆ ಪ್ರಯತ್ನ ನಿಲ್ಲಿಸಬಾರದು. ನಿಮ್ಮಪ್ಪ ಮೊದಲು ಸಿಟ್ಟಿಗೆದ್ದು ರಬ್ಬರ್ ಚೆಂಡನ್ನು ಎಸೆದಿದ್ದ. ಈಗ ಚಹಾ ಕುಡಿಯುವ ಮುಂಚೆ ಹಿಸುಕುತ್ತಾನೆ, ಊಟದ ಮುಂಚೆ ಹಿಸುಕುತ್ತಾನೆ. ಮನಸ್ಸು ಬಂದಾಗ ಮಾಡುತ್ತೇನೆ ಅಂತ ಬಿಟ್ಟಿದ್ದರೆ ಆಗುತ್ತಿರಲಿಲ್ಲ. ಚಹಾ, ಊಟಕ್ಕೆ ಅದನ್ನು ಕಟ್ಟಿಹಾಕಿದವಳು ನಿಮ್ಮವ್ವ. ಹೆಬ್ಬೆರಳು ತೋರುಬೆರಳು ಈಗ ಕೂಡುತ್ತವೆ. ಕತ್ತರಿ ಹಿಡಿಯುವ ದಿನ ಬರುತ್ತದೆ ಅಂತ ನಾನು ಆಣೆ ಹಾಕಿ ಹೇಳಲಾರೆ. ಅವನಿಗೂ ಅದು ಗೊತ್ತು. ಗೊತ್ತಿದ್ದೂ ಮಾಡುತ್ತಾನೆ. ಅದನ್ನು ನೋಡಿದರೆ ನನ್ನ ತಮ್ಮನ ಮೇಲೆ ನನಗೆ ಹೆಮ್ಮೆ ಅನ್ನಿಸುತ್ತದೆ.

ನೀನೂ ಹಾಗೇ ಓದನ್ನು ಯಾವುದಾದರೂ ತಪ್ಪದ ಕೆಲಸಕ್ಕೆ ಕಟ್ಟು. ಮುಂಜಾನೆ ಚಹಾ ಆದ ಕೂಡಲೇ ಎರಡು ತಾಸು. ದಿನಕ್ಕೆ ಹನ್ನೆರಡು ತಾಸು ಓದ್ತೀನಿ ಅಂತ ಗೋಡೆಗೆ ಬರೆದು ಅಂಟಿಸಬೇಡ. ಅಂಥ ಚೀಟಿಗಳು ಮೂರನೇ ದಿನಕ್ಕೆ ನಿನ್ನನ್ನೇ ಬೈಯಲು ಶುರು ಮಾಡುತ್ತವೆ. ಎರಡೂ ಆಗದ ದಿನ ಅರ್ಧ ತಾಸು ಕೂತು ಏಳು. ಕೂರದೆ ಮಾತ್ರ ಬಿಡಬೇಡ. ನಿಮ್ಮ ವಿಜಯಪುರದ ಸೈಕಲ್ ಹುಡುಗರನ್ನು ಮುಂಜಾನೆ ರಸ್ತೆಯಲ್ಲಿ ನೋಡಿರುತ್ತೀಯಲ್ಲ. ಎದುರು ಗಾಳಿ ಇದ್ದ ದಿನ ಅವರ ವೇಗ ಕಡಿಮೆ ಆಗುತ್ತದೆ, ಸವಾರಿ ನಿಲ್ಲುವುದಿಲ್ಲ.

ಆ ಊರಲ್ಲೇ ಇದ್ದ ಫ.ಗು. ಹಳಕಟ್ಟಿಯವರ ಬಗ್ಗೆ ನಿನಗೆ ಪರೀಕ್ಷೆಗೆ ಒಂದು ಸಾಲು ಗೊತ್ತಿರುತ್ತದೆ. ಹುಟ್ಟಿದ್ದು 1880, ವಚನ ಪಿತಾಮಹ, ಅಷ್ಟೇ. ವಕೀಲಿ ಮಾಡಿಕೊಂಡಿದ್ದ ಆ ಮನುಷ್ಯ ವಚನಗಳ ತಾಡೋಲೆಗಳನ್ನು ಹುಡುಕಿ ಊರೂರು ತಿರುಗಿದರು. ಅಚ್ಚಿನ ಮನೆ ಹಾಕಲು ಇರುವ ಮನೆಯನ್ನೇ ಮಾರಿದರು. 1926ರಲ್ಲಿ ಶುರು ಮಾಡಿದ ಶಿವಾನುಭವ ಪತ್ರಿಕೆಯನ್ನು ಬಡತನದಲ್ಲೇ ದಶಕಗಳ ಕಾಲ ನಡೆಸಿದರು. ಮನೆ ಮಾರಿದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅದಲ್ಲ. ಒಂದೊಂದೇ ಗರಿ ಓದಿ, ಪ್ರತಿಗೆ ಪ್ರತಿ ಹೋಲಿಸಿ, ನಕಲು ಮಾಡಿಕೊಂಡ ಆ ಸಾವಿರಾರು ಸಂಜೆಗಳು. ಅದನ್ನು ನೋಡಿ ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ.

ಪುಣೆಗೆ ಕೆಲಸಕ್ಕೆ ಹೋಗ್ತೀನಿ ಅಂದೆಯಲ್ಲ, ಅದಕ್ಕೂ ನನ್ನ ಅಡ್ಡಿ ಇಲ್ಲ. ದುಡಿಯುವುದು ಸೋಲಲ್ಲ. ಆದರೆ ಆ ಮಾತನ್ನು ನೀನು ರಾತ್ರಿ ಹನ್ನೊಂದಕ್ಕೆ ಆಡಿದೆ. ರಾತ್ರಿ ಹನ್ನೊಂದರ ತೀರ್ಮಾನ ಬೇಡ. ಊಟ, ನಿದ್ದೆ ಸರಿಯಾದ ಮೇಲೆ, ಹೊಟ್ಟೆ ತುಂಬಿದ ಒಂದು ಮಧ್ಯಾಹ್ನ ಯೋಚಿಸು. ಆಗಲೂ ಹೋಗಬೇಕು ಅನ್ನಿಸಿದರೆ ನಾನೇ ಬಸ್ ಹತ್ತಿಸುತ್ತೇನೆ. ಅಪ್ಪನ ಔಷಧದ ಭಾರ ನಿನ್ನ ತಲೆ ಮೇಲೆ ಇದೆ ಅಂದುಕೊಂಡಿದ್ದರೆ ಅದನ್ನು ಇಳಿಸು. ನನ್ನ ಪೆನ್ಶನ್ ಇದೆ, ನಿಮ್ಮವ್ವ ಮಷೀನ್ ಮೇಲೆ ಕೂತಿದ್ದಾಳೆ, ಅಂಗಡಿ ಮುಚ್ಚಿಲ್ಲ.

ಇನ್ನೊಂದು. ಒಬ್ಬನೇ ಕೂತು ಕೊರಗಬೇಡ. ದಿನಾ ಸಂಜೆ ನನಗೆ ಎರಡು ನಿಮಿಷ ಫೋನ್ ಮಾಡಿ ಇವತ್ತು ಕೂತೆಯೋ ಇಲ್ಲವೋ ಅಷ್ಟು ಹೇಳು. ಇಲ್ಲ ಅಂದರೂ ಬೈಯುವುದಿಲ್ಲ. ರಾತ್ರಿ ನಿದ್ದೆ ಬಾರದ್ದು, ಊಟ ಸೇರದ್ದು ಹೀಗೇ ಮುಂದುವರಿದರೆ ಸರ್ಕಾರಿ ಆಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ. ನಾಚಿಕೆ ಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ನಿಮ್ಮವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ಶನಿವಾರ ಮುಂಜಾನೆಯ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ, ಸ್ಟ್ಯಾಂಡಿಗೆ ಬಂದು ಇಳಿಸಿಕೋ. ರೂಮಿನ ಈ ತಿಂಗಳ ಬಾಡಿಗೆಯನ್ನು ನಿನ್ನ ಖಾತೆಗೆ ಹಾಕಿದ್ದೇನೆ. ಹೋಳಿ ಹಬ್ಬಕ್ಕೆ ನಾಲ್ಕು ದಿನ ಬಾ, ಅಪ್ಪನ ವ್ಯಾಯಾಮವನ್ನು ನೀನೇ ಮಾಡಿಸುವೆಯಂತೆ.

ಇಂತಿ ನಿನ್ನ
ದೊಡ್ಡಪ್ಪ