ಪೆರೋಲ್ ಕೊಡೋದು ಸ್ಟೇಷನ್ ಬೆಂಚ್ ಮೇಲೆ ಕೂರೋಕಾ?

ಸಂಪಾದಕರಿಗೆ ನಮಸ್ಕಾರ,

ನಮ್ಮೂರಿನ ಒಬ್ಬ ಹುಡುಗ, ಜೀವಾವಧಿ ಶಿಕ್ಷೆ ಆಗಿರೋನು, ಹೋದ ಸಲ 30 ದಿನ ಪೆರೋಲ್ ಮೇಲೆ, ಅಂದ್ರೆ ಜೈಲಿಂದ ಷರತ್ತಿನ ರಜೆ ಮೇಲೆ ಬಂದಿದ್ದ. ಜಾಮೀನಿಗೆ ನನ್ನ ಪಹಣಿ ಕೊಟ್ಟಿದ್ದೆ. ಅವನು ಬಂದಿದ್ದೇ ರಾಗಿ ಕೊಯ್ಲಿಗೆ, ಮನೇಲಿ ವಯಸ್ಸಾದ ತಾಯಿ ಬಿಟ್ರೆ ಇನ್ಯಾರೂ ಇಲ್ಲ. ಆದ್ರೆ ದಿನಾ ಪೊಲೀಸ್ ಸ್ಟೇಷನ್ನಿಗೆ ಹೋಗಿ ಸಹಿ ಹಾಕ್ಬೇಕು ಅಂತ ಷರತ್ತು. ಎರಡು ಬಸ್ ಹಿಡಿದು ಹೋದ್ರೆ ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದಾರೆ ಕೂತ್ಕೋ ಅಂತಾರೆ, ರಿಜಿಸ್ಟರ್ ಅವರ ಡ್ರಾಯರಲ್ಲಿ ಬೀಗ ಹಾಕಿರುತ್ತೆ, ಸಹಿ ಮುಗಿಸಿ ಊರಿಗೆ ಬರೋ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಕೊನೇ ವಾರ ಅವರಮ್ಮ ಟಾರ್ಚ್ ಹಿಡ್ಕೊಂಡು ಬದುವಿನ ಮೇಲೆ ನಿಂತು, ಇವನು ರಾತ್ರಿ ರಾಗಿ ಕೊಯ್ದ. ನಾನೇ ಕಣ್ಣಾರೆ ನೋಡಿದೀನಿ.

2024ರಲ್ಲಿ ನಮ್ಮ ಹೈಕೋರ್ಟೇ ಕನಕಪುರ ತಾಲೂಕಿನ ಒಬ್ಬ ಕೈದಿಗೆ ಮನೇಲಿ ಬೇಸಾಯ ನೋಡ್ಕೊಳ್ಳೋರಿಲ್ಲ ಅಂತ 90 ದಿನ ಪೆರೋಲ್ ಕೊಡ್ತು. ಅಂದ್ಮೇಲೆ ಹೊಲದ ಕೆಲಸಕ್ಕೆ ಅಂತ ಬಿಟ್ಟೋನನ್ನ ಹೊಲಕ್ಕೇ ಹೋಗದ ಹಾಗೆ ಮಾಡಿದ್ರೆ ಏನು ಪ್ರಯೋಜನ? ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಇಷ್ಟು ವರ್ಷ ಜೈಲಲ್ಲಿದ್ರೆ ಅವಧಿಗೆ ಮುಂಚೆ ಬಿಡುಗಡೆ ಮಾಡಬಹುದು ಅನ್ನೋ ಲೆಕ್ಕಕ್ಕೆ ಪೆರೋಲ್ ದಿನಗಳು ಸೇರಲ್ಲ ಅಂತ 2023ರಲ್ಲಿ ಗೋವಾ ಕೈದಿಗಳ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರೆ ಆ ಬೆಂಚ್ ಮೇಲೆ ಕಳೆದ ದಿನ ಅತ್ತ ಮನೆಗೂ ಇಲ್ಲ, ಇತ್ತ ಶಿಕ್ಷೆಗೂ ಇಲ್ಲ.

ಬಿಟ್ರೆ ಓಡೋಗ್ತಾರೆ ಅನ್ನೋ ಭಯ ಇರುತ್ತೆ, ಕೊಲೆ ಕೇಸಾದ್ರೆ ಸತ್ತವರ ಮನೆಯವರಿಗೂ ಸಂಕಟ ಇರುತ್ತೆ, ಅದನ್ನ ನಾನು ಅಲ್ಲಗಳೆಯಲ್ಲ. ನಿಗಾ ಇರ್ಲಿ. ಆದ್ರೆ ವಾರಕ್ಕೊಂದು ಸಲ, ಟೈಮ್ ಹೇಳಿ, ಆಗದಿದ್ರೆ ಗ್ರಾಮ ಪಂಚಾಯ್ತಿಲೇ ಸಹಿ ಹಾಕಿಸ್ಕೊಳ್ಳಲಿ. ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಬಿಟ್ಟವರ ಮೇಲೆ ನಿಗಾ ಇಡೋಕೆ 1958ರ ಕಾಯ್ದೆಯಿಂದ ಪ್ರೊಬೇಷನ್ ಅಧಿಕಾರಿಗಳು ಅಂತ ಇದಾರಲ್ಲ, ಮನೆಗೆ ಬಂದು ವಿಚಾರಿಸೋ ಕೆಲಸ ಪೆರೋಲ್ ಮೇಲೆ ಬಂದೋರಿಗೂ ಅವರಿಗೇ ವಹಿಸಲಿ. ಇನ್ನು ಪೆರೋಲ್‌ಗೆ ಅರ್ಜಿ ಹಾಕಿದಾಗ ಪೊಲೀಸ್ರು ಊರಲ್ಲಿ ಒಬ್ಬರನ್ನೂ ಕೇಳದೆ "ಶಾಂತಿಭಂಗ ಆಗುತ್ತೆ" ಅಂತ ಒಂದೇ ಸಾಲಿನ ರಿಪೋರ್ಟ್ ಬರೆದು ಕಳಿಸೋದು ನಿಲ್ಲಲಿ, ಯಾರನ್ನ ಕೇಳಿದ್ರಿ, ಏನು ಹೇಳಿದ್ರು ಅಂತ ಬರೀಲಿ. ಇವನ ಮೊದಲನೇ ಅರ್ಜಿ ತಳ್ಳಿಹೋಗಿದ್ದು ಆ ಒಂದು ಸಾಲಿಂದಾನೇ.

ಅವರಮ್ಮಂಗೆ ಈಗ ಕಣ್ಣಿನ ಆಪರೇಷನ್ ಆಗ್ಬೇಕು, ಮತ್ತೆ ಅರ್ಜಿ ಹಾಕಿದಾನೆ. ನಾನೂ ಪಹಣಿ ತೆಗೆಸಿಟ್ಟಿದೀನಿ.

ಇಂತಿ,
ಒಬ್ಬ ರೈತ, ತುಮಕೂರು ಜಿಲ್ಲೆ